ಮಲಗಿಸಿದ ಹಿಟ್ಟು

ಸೊಸೆ ಡಬ್ಬಿಯನ್ನು ಕಸದ ಬುಟ್ಟಿಯ ಮೇಲೆ ಬೋರಲು ಹಿಡಿದಳು. ಮೈತುಂಬ ಚಾಕೊಲೇಟ್ ಚೂರು ಮೆತ್ತಿಕೊಂಡಿದ್ದ ಕಂದು ಹಿಟ್ಟಿನ ಮುದ್ದೆ ಒಂದು ಕ್ಷಣ ಅಂಚಿಗೆ ಅಂಟಿಕೊಂಡು ನಿಂತಿತು. ಆಮೇಲೆ ತಪ್ಪನೆ ಬಿತ್ತು. ಅಜ್ಜಿ ಬುಟ್ಟಿಯೊಳಗೆ ಇಣುಕಿದಳು.

“ಮೂರು ಭಾನುವಾರ, ಮೂರು ಸಲ ಹೊಟ್ಟೆನೋವು. ನಿಜ ಹೇಳಿ ಅತ್ತೆ, ಇದಕ್ಕೆ ಏನು ಸೇರಿಸ್ತಿದ್ದೀರಿ?”

“ನೀನೇ ಪಕ್ಕದಲ್ಲಿ ನಿಂತಿದ್ಯಲ್ಲಮ್ಮ...”

“ಅದೇ ನನಗೂ ಅರ್ಥ ಆಗ್ತಿಲ್ಲ.”

ಅರ್ಥವಾಗದಿದ್ದದ್ದು ಅಜ್ಜಿಗೂ ಅಷ್ಟೇ. ಅತ್ತೆ ಸೊಸೆಗೆ ಒಮ್ಮತವಿದ್ದ ವಿಷಯ ಆ ಮನೆಯಲ್ಲಿ ಅದೊಂದೇ.

ಮೂವತ್ತೈದು ವರ್ಷ ಗಂಡನ ಜೊತೆ ಬೇಕರಿ ನಡೆಸಿದ ಕೈ ಅವಳದು. ಮೈದಾ ಹಿಟ್ಟು ಅವಳ ರೆಪ್ಪೆಯ ಮೇಲೆ ಕೂತು ಅವಳ ಜೊತೆಗೇ ಮುದುಕಿಯಾಗಿತ್ತು. ಹಸಿ ಹಿಟ್ಟಿಗೆ ಬೆರಳು ಹಾಕಿದವರಿಗೆಲ್ಲ, ಸ್ವಂತ ಮಗನೂ ಸೇರಿ, ಆ ಕೈಯಿಂದ ಪಟ್ಟನೆ ಒಂದು ಬೀಳುತ್ತಿತ್ತು: “ಹಸೀದು ತಿಂದ್ರೆ ಹೊಟ್ಟೆನೋವು ಬರುತ್ತೆ ಕಣೋ.” ಈಗ ಎಂಟು ವರ್ಷದ ಮೊಮ್ಮಗಳಿಗೆ ಗೋಧಿಯ ಅಂಟೇ ವಿಷ, ಗ್ಲುಟೆನ್ ಇರುವ ಒಂದು ಕಣವೂ ಸೋಕಬಾರದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದನ್ನು ಕೇಳಿದಾಗ ಅಜ್ಜಿಗೆ, ತಾನು ಮೂವತ್ತೈದು ವರ್ಷ ಜನರಿಗೆ ಮಾರಿದ್ದು ಏನನ್ನು ಎಂದೇ ತಿಳಿಯದಾಗಿತ್ತು.

ಮೊಮ್ಮಗಳನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ಯಾರ ದನಿಯನ್ನಾದರೂ ಒಂದೇ ಸಲ ಕೇಳಿ ಹಾಗೇ ಒಪ್ಪಿಸುವವಳು. ಡಾಕ್ಟರ ಮೂಗಿನ ಮಾತು, ಅಮ್ಮನ ಔಷಧಿ ಅಂಗಡಿಯ “ಊಟ ಆದ್ಮೇಲೆ ಒಂದು, ಮುಂಚೆ ಅರ್ಧ”, ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುವ ಅಪ್ಪನ “ಪ್ರಯಾಣಿಕರ ಗಮನಕ್ಕೆ”, ಎಲ್ಲವೂ ಅವಳ ಗಂಟಲಲ್ಲಿ ಬಾಡಿಗೆಗಿದ್ದವು. ಅವಳು ಕೇಳಿದ್ದು ಒಂದೇ. ಗೆಳತಿಯ ಮನೆಯಲ್ಲಿ ಎಲ್ಲರೂ ಬಟ್ಟಲಲ್ಲಿ ಕುಕೀ ಹಿಟ್ಟು ಹಾಕಿಕೊಂಡು ಚಮಚದಲ್ಲಿ ತಿಂದರಂತೆ, ತನಗೂ ಬೇಕು.

“ಬೇಯಿಸದೇನಾ?” ಎಂದಿದ್ದಳು ಅಜ್ಜಿ.

“ಬೇಯಿಸದೆ.”

“ಮತ್ತೆ ಅದನ್ನ ಕುಕೀ ಅಂತ ಯಾಕೆ ಅನ್ಬೇಕು?”

“ಅದು ಕುಕೀ ಆಗೋಕೆ ಮುಂಚೆನೇ ಹಿಡ್ಕೊಂಡು ತಿಂದ್ಬಿಡೋದು ಅಜ್ಜಿ.”

ತಲೆಬುಡ ಅರ್ಥವಾಗದಿದ್ದರೂ ಅಜ್ಜಿ ಒಪ್ಪಿಕೊಂಡಿದ್ದಳು. ಪ್ರತಿ ಭಾನುವಾರ ಬೆಳಗ್ಗೆ ಅಕ್ಕಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಆರಿಸಿ, ಜರಡಿ ಹಿಡಿಯುವಳು. ಬೆಣ್ಣೆ, ಕಂದು ಸಕ್ಕರೆ ನೊರೆಯಾಗುವಂತೆ ತಿರುವಿ, ಬಾದಾಮಿ ಪುಡಿ, ಚಿಟಿಕೆ ಉಪ್ಪು, ವೆನಿಲ್ಲಾ, ಎರಡು ಚಮಚ ಹಾಲು. ಮೊಟ್ಟೆ ಇಲ್ಲ. ಬಟ್ಟಲು, ಜರಡಿ, ಚಮಚ ಎಲ್ಲ ಹೊಸದು. ಸೊಸೆ ಪಕ್ಕದಲ್ಲಿ ನಿಂತು ಒಂದೊಂದು ಪ್ಯಾಕೆಟ್ಟಿನ ಬೆನ್ನನ್ನೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದುವಳು. ಚಾಕೊಲೇಟ್ ಚೂರು ಬಿದ್ದ ಮೇಲೆ “ಡಬ್ಬಿಗೆ ತುಂಬಿ ಫ್ರಿಜ್‌ನಲ್ಲಿಡಿ ಅತ್ತೆ” ಎಂದು ಬಟ್ಟೆ ಒಣಹಾಕಲು ಹೋಗುವಳು. ಅಜ್ಜಿ ಹಿಟ್ಟನ್ನು ಮರದ ಬೋಗುಣಿಯಂಥ ತನ್ನ ಮರಿಗೆಯಲ್ಲಿ ಅರ್ಧ ಗಂಟೆ ಮಲಗಿಸಿ, ಒದ್ದೆ ಬಟ್ಟೆ ಹೊದಿಸಿ, ಆಮೇಲೆ ಡಬ್ಬಿಗೆ ತುಂಬುವಳು. ಮಧ್ಯಾಹ್ನ ಗಿಣಿ ಬಟ್ಟಲು ನೆಕ್ಕುವಳು. ಸಂಜೆಗೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಮುಖ ಮಾಡಿ ಮಲಗುವಳು.

ಈಗಲೂ ಹಾಗೇ ಮಲಗಿದ್ದಳು. ಯಾರ ದನಿಯೂ ಇಲ್ಲದೆ. ನರಳುವುದನ್ನು ಮಾತ್ರ ಅವಳು ತನ್ನದೇ ದನಿಯಲ್ಲಿ ನರಳುತ್ತಿದ್ದಳು... ಅದನ್ನು ಕೇಳಲು ಅಜ್ಜಿಗೆ ಆಗುತ್ತಿರಲಿಲ್ಲ.

ಸೊಸೆ ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು. “ಹದಿನೈದು ದಿನ ನಮ್ಮಮ್ಮನ ಮನೇಲಿ ಇಟ್ಕೊಂಡು ನೋಡ್ತೀನಿ. ಅಲ್ಲಿ ಸರಿಹೋದ್ರೆ...”

ಮಾತು ಅಲ್ಲಿಗೇ ನಿಂತಿತು. ಅಲ್ಲಿ ಸರಿಹೋದರೆ ಮಗು ಇಲ್ಲಿಗೆ ಬರುವುದಿಲ್ಲ. ಅಜ್ಜಿ ಮಗನತ್ತ ನೋಡಿದಳು. ದಿನಕ್ಕೆ ಸಾವಿರಾರು ಜನರಿಗೆ ದಾರಿ ಹೇಳುವವನು ತನ್ನ ಮನೆಯ ನಡುಮನೆಯಲ್ಲಿ ಯಾವ ಕಡೆ ನಿಲ್ಲಬೇಕೆಂದು ತೋಚದೆ ಕಂಬದಂತೆ ನಿಂತಿದ್ದ.

“ಅಮ್ಮಾ... ಮರ್ತು ಏನಾದ್ರೂ ಮೈದಾ...”

“ಮನೇಲಿ ಮೈದಾ ಎಲ್ಲಿದೆಯಪ್ಪಾ?”

ಹೇಳಿದಳೇನೋ ಸರಿ. ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ತನಗೆ ಗೊತ್ತಿಲ್ಲದೆ ಇವು ಏನಾದರೂ ಮಾಡುತ್ತಿವೆಯೇ? ಮೊನ್ನೆ ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದವಳು... ತನ್ನ ಮೇಲೆ ತನಗೇ ನಂಬಿಕೆ ಹೋದ ಮೇಲೆ ಯಾರ ಮೇಲೆ ಮುನಿಸಿಕೊಳ್ಳುವುದು?

ಅಡುಗೆಮನೆಗೆ ಬಂದು ಕೈಗೆ ಸಿಕ್ಕಿದ್ದನ್ನು ತೊಳೆಯತೊಡಗಿದಳು. ಮರಿಗೆಯನ್ನು ಅವಳು ಯಾವಾಗಲೂ ತಣ್ಣೀರಲ್ಲಿ ತೊಳೆಯುವವಳು; ಬಿಸಿನೀರಿಗೆ ಮರ ಬಿರಿಯುತ್ತದೆ ಎಂದು ಗಂಡ ಹೇಳಿದ್ದ. ಬೇಕರಿ ತೆರೆದ ವಾರ ಮೈದಾ ನಾದಲೆಂದು ಅವನೇ ಒಂದೇ ದಿಮ್ಮಿಯಿಂದ ಕೆತ್ತಿದ್ದು. ಅವನು ಹೋದ ಮೇಲೆ ಬೇಕರಿ ಮಾರಿದಾಗ ಅವಳು ಉಳಿಸಿಕೊಂಡದ್ದು ಇದೊಂದನ್ನೇ. ಇವತ್ತು ತಲೆ ಎಲ್ಲೋ ಇತ್ತು. ಗಿಣಿಯ ಹೊಟ್ಟೆಗೆ ಶಾಖ ಕೊಡಲು ಕಾಯಿಸಿದ್ದ ನೀರನ್ನು ಅದಕ್ಕೆ ಸುರಿದುಬಿಟ್ಟಳು.

ನೀರು ಬೆಳ್ಳಗಾಯಿತು.

ಚೆಲ್ಲಿ ಮತ್ತೆ ಸುರಿದಳು. ಮತ್ತೆ ಬೆಳ್ಳಗೆ. ಮರದ ಗೆರೆಯೊಂದಕ್ಕೆ ಉಗುರು ಹಾಕಿ ಎಳೆದಳು. ಬಂದ ಬಿಳಿ ಮಡ್ಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಬಿಟ್ಟಳು. ನೂಲಿನಂತೆ ಎಳೆ ಬಂತು. ಅಕ್ಕಿ ಹಿಟ್ಟು ಹೀಗೆ ಎಳೆ ಬರುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒದ್ದೆ ಬಟ್ಟೆಯ ಕೆಳಗೆ ಅರ್ಧ ಗಂಟೆ, ಮೂವತ್ತೈದು ವರ್ಷದ ಗೋಧಿ ನೆನೆದು ಬೆವೆತು, ಮಗುವಿನ ಮುದ್ದೆಗೆ ಅಂಟಿತ್ತು.

ಈಗಲೇ ಅಟ್ಟಕ್ಕೆ ತಳ್ಳಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ... ಆ ಯೋಚನೆ ಬಂತು, ಇಲ್ಲವೆನ್ನಲಾಗದು. ಒಳಗಿನ ಕೋಣೆಯಿಂದ ಮಗುವಿನ ನರಳಾಟವೂ ಬಂತು. ಅಜ್ಜಿ ನೀರು ತೊಟ್ಟಿಕ್ಕುತ್ತಿದ್ದ ಮರಿಗೆಯನ್ನು ಎದೆಗವಚಿಕೊಂಡು ನಡುಮನೆಗೆ ಹೋಗಿ, ಸೊಸೆಯ ಚೀಲದ ಪಕ್ಕ ಇಟ್ಟಳು.

“ನಾನೇ ಕಣಮ್ಮ. ಹಿಟ್ಟನ್ನ ಇದ್ರಲ್ಲಿ ಮಲಗಿಸ್ತಿದ್ದೆ.”

ಸೊಸೆ ಬಗ್ಗಿ ಗೆರೆಗಳಲ್ಲಿದ್ದ ಬಿಳಿಯನ್ನು ನೋಡಿದಳು. “ಅಷ್ಟು ಸಲ ಕೇಳಿದೆನಲ್ಲ ಅತ್ತೆ. ಯಾಕೆ ಹೇಳ್ಲಿಲ್ಲ?”

“ನೀನು ಕೇಳಿದ್ದು ಏನು ಸೇರಿಸಿದ್ರಿ ಅಂತ. ನಾನು ಏನೂ ಸೇರಿಸಿರ್ಲಿಲ್ಲ. ಮಲಗಿಸೋದೂ ಒಂದು ಕೆಲಸ ಅಂತ ನನಗೆ ಹೊಳೀಲೇ ಇಲ್ಲ...”

“ಹಿಟ್ಟನ್ನ ಯಾಕೆ ಮಲಗಿಸ್ತಾರೆ?”

“ಗೋಧಿಯ ಅಂಟು ಬಿಗಿದ್ಕೊಂಡಿರುತ್ತಲ್ಲ, ಅದು ಸಡಿಲ ಆಗ್ಲಿ ಅಂತ...” ಅಜ್ಜಿ ಅರ್ಧಕ್ಕೆ ನಿಂತಳು. ಅಂಟೇ ಇಲ್ಲದ ಹಿಟ್ಟು. ಬಿಗಿಯಲು ಏನೂ ಇಲ್ಲದ್ದನ್ನು ಸಡಿಲವಾಗಲೆಂದು ಹೊದಿಸಿ ಮಲಗಿಸಿದ್ದಳು. “ತಲೆಗೆ ಗೊತ್ತಿತ್ತಮ್ಮ. ಕೈಗೆ ಗೊತ್ತಿರ್ಲಿಲ್ಲ. ಹೊಟ್ಟೆಗೆ ಹಾಕ್ಕೊ.”

“ಹೊಟ್ಟೆಗೆ ಹಾಕ್ಕೊಂಡಿದ್ದು ನನ್ನ ಮಗಳು, ಅತ್ತೆ,” ಎಂದಳು ಸೊಸೆ. ಮಾತು ಖಾರವಾಗಿಯೇ ಬಂತು. ಆದರೆ ಹಾಗೆನ್ನುತ್ತಲೇ ಚೀಲದಿಂದ ಮಗುವಿನ ಫ್ರಾಕೊಂದನ್ನು ತೆಗೆದು ಮತ್ತೆ ಬೀರುವಿನಲ್ಲಿಟ್ಟಳು. ಆಮೇಲೆ ಇನ್ನೊಂದನ್ನು.

ಮರುದಿನ ಬೆಳಗ್ಗೆ ಅಜ್ಜಿ ಮರಿಗೆಯನ್ನು ಹೊತ್ತು ಎರಡು ಬೀದಿ ದಾಟಿ, ತಾನು ಮಾರಿದ್ದ ಬೇಕರಿಗೆ ಹೋದಳು. “ನಾನು ಹಿಡ್ಕೊತೀನಿ ಕೊಡಮ್ಮ” ಎಂದು ಮಗ ಹಿಂದೆಯೇ ಬಂದ, ಅವಳು ಕೊಡಲಿಲ್ಲ. “ಗೋಧಿ ಇದ್ದ ಕಡೆ ಇರ್ಲಿ” ಎಂದಷ್ಟೇ ಹೇಳಿ ಕಟ್ಟೆಯ ಮೇಲೆ ಇಳಿಸಿದಳು. ಅಂಚಿನಲ್ಲಿ ಗಂಡನ ಉಳಿ ಜಾರಿ ಬಿದ್ದ ಒಂದು ಕಚ್ಚುಗುರುತು ಇತ್ತು. ಅದನ್ನು ಒಮ್ಮೆ ಸವರಿ ತಿರುಗಿ ನೋಡದೆ ಬಂದಳು.

ಗಿಣಿ ತಿಂಗಳಿಗೆ ಚೇತರಿಸಿಕೊಂಡಳು. ಅವಳ ಗಂಟಲಿಗೆ ಮೊದಲು ಮರಳಿದ್ದು ಡಾಕ್ಟರ ಮೂಗಿನ ಮಾತು, ಆಮೇಲೆ ಒಂದೊಂದಾಗಿ ಉಳಿದವರೆಲ್ಲ.

ಅದರ ಮುಂದಿನ ಭಾನುವಾರ ಹಿಟ್ಟು ಕಲಸಿ ಮುಗಿದಾಗ ಸೊಸೆ ಬಟ್ಟೆ ಒಣಹಾಕಲು ಹೋಗಲಿಲ್ಲ. ಅಜ್ಜಿಯ ಕೈ ತಾನಾಗಿ ಮೇಲಿನ ಗೂಡಿಗೆ ಹೋಯಿತು. ಮರಿಗೆಯಿದ್ದ ಜಾಗ ಖಾಲಿ. ಗಾಳಿಯಲ್ಲಿ ನಿಂತ ಆ ಕೈಯನ್ನು ಸೊಸೆ ಹಿಡಿದು ಇಳಿಸಿ, ಅದರಲ್ಲಿ ಒಂದು ಚಮಚ ಇಟ್ಟಳು.

“ಇದು ಮಲಗಲ್ಲ ಅತ್ತೆ. ತಿನ್ನಿ.”

ಜೀವಮಾನದಲ್ಲಿ ಮೊದಲ ಸಲ ಅಜ್ಜಿ ಹಸಿ ಹಿಟ್ಟು ಬಾಯಿಗಿಟ್ಟಳು. ಬೆಣ್ಣೆ ಸರಿಯಿತ್ತು, ಉಪ್ಪು ಸರಿಯಿತ್ತು, ಅಕ್ಕಿ ಹದವಾಗಿ ಹುರಿದಿತ್ತು. ಆದರೂ ಏನೋ ಒಂದು... ಅವಳು ಗಾಬರಿಯಿಂದ ಸೊಸೆಯ ಮುಖ ನೋಡಿದಳು.

“ಎಲ್ಲಾ ಸರಿ ಇದೆಯಮ್ಮ. ಬೇಯಿಸೋದೊಂದು ಮರ್ತಿದ್ದೀವಿ, ಅಲ್ವಾ?”

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾನು ಹೇಳಿದ್ದು ತಮಾಷೆಯೋ ನಿಜವೋ ಅಜ್ಜಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಅವಳದೇ ದನಿ ಕೇಳಿಸಿತು. “ಹಸೀದು ತಿಂದ್ರೆ ಹೊಟ್ಟೆನೋವು ಬರುತ್ತೆ ಕಣೇ,” ಎನ್ನುತ್ತ ಪುಟ್ಟ ಕೈಯೊಂದು ಬಂದು ಅವಳ ಕೈಯ ಮೇಲೆ ಪಟ್ಟನೆ ಬಿತ್ತು.