ತೆಗೆಸಿದ ಮೂರು ಚುಕ್ಕೆ

“ಕತ್ತರಿಯವರೇ, ಸ್ವಲ್ಪ ಇಲ್ಲಿ ಬನ್ನಿ,” ಎಂದಳು ಪುರಾಣ.

ಒಂದು ಸ್ಟೂಲಿನ ಬಗ್ಗೆಯೂ ಎರಡು ಪುಟ ಬರೆಯುತ್ತಾಳೆಂದು ಅವನು ಅವಳಿಗಿಟ್ಟ ಹೆಸರು ಪುರಾಣ. ಬರೆದದ್ದನ್ನೆಲ್ಲ ವೆಬ್‌ಸೈಟಿಗೆಂದು ತುಂಡು ಮಾಡುತ್ತಾನೆಂದು ಅವಳು ಅವನಿಗಿಟ್ಟದ್ದು ಕತ್ತರಿ. ಕುರ್ಚಿ ಮೇಜು ಮಾರುವ ಆ ಕಂಪನಿಯಲ್ಲಿ ಇಬ್ಬರೂ ಎದುರುಬದುರು ಕೂರುತ್ತಿದ್ದರು.

ಪ್ರತಿ ಕುರ್ಚಿಯ ಪುಟದಲ್ಲೂ ಸಿಬ್ಬಂದಿಗಷ್ಟೇ ಕಾಣುವ ‘ಟಿಪ್ಪಣಿ’ ಎಂಬ ಖಾನೆ ಇತ್ತು. ಇವರ ಹರಟೆಯೆಲ್ಲ ಅದರಲ್ಲೇ. ಅವಳ ಉದ್ದುದ್ದ ಟಿಪ್ಪಣಿಯಿಂದ, ಎಲ್ಲ ಪುಟಗಳನ್ನೂ ಸಾಲಾಗಿ ತೋರಿಸುವ ಪಟ್ಟಿ ಸೊಟ್ಟಗಾಗುತ್ತಿತ್ತೆಂದು, ಪಟ್ಟಿಯಲ್ಲಿ ಮೊದಲ ವಾಕ್ಯ ಮಾತ್ರ ಕಾಣುವಂತೆ ಅವನು ಫಾರ್ಮ್ಯಾಟ್ ಮಾಡಿದ. ಪುಟ ತೆರೆದರೆ ಇನ್ನೂ ಇದೆ ಎನ್ನಲು ಕೊನೆಗೆ ಮೂರು ಚುಕ್ಕೆ.

“ಇರುವೆ ಹರಿದ ಹಾಗಿದೆ, ತೆಗೀರಿ,” ಎಂದು ಅವಳು ಮೂಗು ಮುರಿದಳು. ಆ ಮೂಗು ಮುರಿಯುವ ಚೆಂದಕ್ಕೇ ಸೋತು ಅವನು ತೆಗೆದೂಬಿಟ್ಟ.

ಅದಾಗಿ ವಾರಕ್ಕೆ ಅವಳಿಗೆ ಸಂಬಂಧ ಬಂತು. ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲದೆ ತೂಗುಕುರ್ಚಿಯ ಟಿಪ್ಪಣಿಯಲ್ಲಿ ಬರೆದಳು: ‘ಮನೇಲಿ ಹುಡುಗನ್ನ ನೋಡಿದಾರೆ. ಏನು ಹೇಳ್ಲಿ?’

ಅದನ್ನಳಿಸಿ ಅವನು ಬರೆದ ಉತ್ತರ ಪಟ್ಟಿಯಲ್ಲಿ ಕಂಡಿತು: ‘ಒಳ್ಳೆ ಹುಡುಗನಾದ್ರೆ ಒಪ್ಕೊಳ್ಳಿ.’

ಅವಳ ಎದೆ ಒಡೆಯಿತು. ಪುಟ ತೆರೆಯುವ ಮನಸ್ಸೂ ಬರಲಿಲ್ಲ. ಹಟಕ್ಕೆ ಬಿದ್ದು ಒಪ್ಪಿಕೊಂಡಳು.

ಎರಡು ವರ್ಷದ ಮೇಲೆ ಇವತ್ತು, ಹೊಸ ಸೈಟಿಗೆ ಸಾಗಿಸಲೆಂದು ಹಳೆಯ ಪುಟಗಳನ್ನು ಒಂದೊಂದಾಗಿ ತೆರೆಯುತ್ತಿದ್ದವಳಿಗೆ ಆ ಟಿಪ್ಪಣಿ ಪೂರ್ತಿ ಸಿಕ್ಕಿತು.

‘ಒಳ್ಳೆ ಹುಡುಗನಾದ್ರೆ ಒಪ್ಕೊಳ್ಳಿ. ಇಷ್ಟು ಬರೆದು ಸುಮ್ಮನಾಗೋಣ ಅಂದ್ಕೊಂಡೆ, ಆಗ್ತಿಲ್ಲ. ಒಪ್ಕೋಬೇಡಿ ಪುರಾಣ. ನಿಮ್ಮಪ್ಪನ ಹತ್ರ ನಾನೇ ಬಂದು ಮಾತಾಡ್ತೀನಿ. ಒಂದೇ ಒಂದು ಸಲ ತಲೆ ಎತ್ತಿ ನನ್ನ ಕಡೆ ನೋಡಿ, ಸಾಕು.’

ಅವತ್ತು ಸಂಜೆಯವರೆಗೂ ಅವಳು ತಲೆ ಎತ್ತಿರಲಿಲ್ಲ, ಅಳು ಕಂಡೀತೆಂದು.

ಅವನು ಬೆನ್ನ ಹಿಂದೆ ನಿಂತು ಓದಿದ. “ಎಲ್ಲಾ ಓದಿಯೂ ಬೇಡ ಅಂದ್ರಿ ಅಂದ್ಕೊಂಡಿದ್ದೆ.”

“ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ?”

“ನೀವೂ ಕೇಳ್ಬಹುದಿತ್ತು. ಚುಕ್ಕೆ ತೆಗ್ಸಿದ್ದೂ ನೀವೇ.”

“ಹೇಳಿದ ತಕ್ಷಣ ತೆಗೀಬೇಕಿತ್ತಾ?”

ಜಾಣರಿಬ್ಬರ ದಡ್ಡತನಕ್ಕೆ ಇನ್ನೇನು ಹೇಳುವುದು? ಅವನ ಕಣ್ಣು ಅವಳ ಬೆರಳಿನ ಉಂಗುರದ ಮೇಲೆ ಕೂತು, ಕೆಳಗಿಳಿಯಿತು.

“ಇದನ್ನ ಹೊಸ ಸೈಟಿಗೆ ಹಾಕ್ಲಾ, ಅಳಿಸ್ಲಾ?”

“ಹಾಕಿ. ಮೊದಲ ವಾಕ್ಯ ಮಾತ್ರ,” ಎಂದಳು. “ಅದನ್ನ ನಂಬಿಯೇ ಸಂಸಾರ ಹೂಡಿದೀನಿ.”

ಅವನು ಬಗ್ಗಿ ಉಳಿದದ್ದನ್ನೆಲ್ಲ ಅಳಿಸಿದ. ಈ ಸಲ ಅವಳು ತಲೆ ಎತ್ತಿ ಅವನನ್ನೇ ನೋಡುತ್ತಿದ್ದಳು.