ಅಜ್ಜಿಯ ಕೈಯಲ್ಲಿದ್ದ ಹಗ್ಗ

"ನಿನಗೆ ಕೈ ಇಲ್ವಾ? ಬೇಕಿದ್ರೆ ನೀನೇ ಬಗ್ಗಿಸ್ಕೋ!"

ಥೇಡಾ ಚಹಾದ ಹೂಜಿಯನ್ನು ಸೊಸೆಯ ಕಡೆಗೆ ತಳ್ಳಿಬಿಟ್ಟರು. ಗೇಸಾಳ ಮುಖ ಬಿಳಿಚಿಕೊಂಡಿತು. ಕಡಲ ಒಡ್ಡಿನ ಕೆಳಗಿನ ಆ ಹಳ್ಳಿಯಲ್ಲಿ ಎಲ್ಲರ ಬಟ್ಟಲಿಗೂ ಮನೆಯ ಹಿರಿಯಳೇ ಚಹಾ ಬಗ್ಗಿಸಬೇಕು. ಮಾತು ಬಿಟ್ಟವರಿಗೂ ಮೂರು ಬಟ್ಟಲು ಕೊಡದೆ ಕಳಿಸುವಂತಿಲ್ಲ. ಹನ್ನೊಂದು ವರ್ಷಗಳಲ್ಲಿ ಅತ್ತೆ ಬೈದಿದ್ದರು, ಹಂಗಿಸಿದ್ದರು, ಮಗ, ಅಂದರೆ ಗೇಸಾಳ ಗಂಡ, ಕಾಯಿಲೆಯಿಂದ ತೀರಿಕೊಂಡಾಗ "ನಿನ್ನ ಕಾಲ್ಗುಣ" ಅಂತಲೂ ಅಂದಿದ್ದರು. ಆದರೆ ಅವಳ ಬಟ್ಟಲನ್ನು ಒಂದು ದಿನವೂ ಖಾಲಿ ಬಿಟ್ಟಿರಲಿಲ್ಲ. ಇವತ್ತು ಅದೂ ಆಯಿತು!

"ಇಷ್ಟು ದಿನ ಸೊಸೆ ಅನ್ನೋ ನೆಪಕ್ಕಾದ್ರೂ ಇಟ್ಕೊಂಡಿದ್ರಿ ಅತ್ತೆ..." ಗೇಸಾ ಖಾಲಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಸಾಕು. ಭಾನುವಾರ ಕುದುರೆ ಪರೀಕ್ಷೆ ಮುಗೀಲಿ. ಸೋಮವಾರ ಬೆಳಿಗ್ಗೆ ನಾನು ಇಮ್ಕೆನ ಕರ್ಕೊಂಡು ಬ್ರೆಮೆನ್‌ಗೆ, ನಮ್ಮಕ್ಕನ ಮನೆಗೆ ಹೋಗ್ತೀನಿ."

"ಹೋಗು. ಕುದುರೆ ಮೇಲೆ ನಿಲ್ಲೋಕೆ ಬರದ ಹುಡುಗಿ ಎಲ್ಲಿದ್ರೇನು!"

ಗೇಸಾಳ ಮಗಳು, ಒಂಬತ್ತು ವರ್ಷದ ಇಮ್ಕೆ, ತಲೆ ಎತ್ತಲಿಲ್ಲ. ಅಂದು ಮಧ್ಯಾಹ್ನ ಅವಳು ಮೂರನೆಯ ಸಲ ಕುದುರೆ ಕಾಸ್ಪರ್‌ನ ಬೆನ್ನಿನಿಂದ ಬಿದ್ದಿದ್ದಳು. ಮೊಣಕೈ ಉರಿಯುತ್ತಿತ್ತು. ಅವಳ ಕಣ್ಣಿದ್ದದ್ದು ಮೇಜಿನಂಚಿನ ಮರೆಯಲ್ಲಿ, ಅಜ್ಜಿಯ ಮಡಿಲಿನಲ್ಲಿ. ಅಲ್ಲಿ ಅಜ್ಜಿಯ ಎಡಗೈ ಬಲಗೈಯನ್ನು ಬಿಗಿಯಾಗಿ ಅದುಮಿ ಹಿಡಿದಿತ್ತು. ಅದುಮಿ ಹಿಡಿದರೂ ಬಲಗೈ ನಡುಗುತ್ತಿತ್ತು.

ಆ ನಡುಕ ಇಮ್ಕೆಗೆ ಗೊತ್ತಾದದ್ದು ಚಹಾದ ಮೇಜಿನಲ್ಲಲ್ಲ, ಕುದುರೆಯ ಬೆನ್ನ ಮೇಲೆ. ಮೂವತ್ತೆರಡು ವರ್ಷಗಳಿಂದ ಊರಿನ ಮಕ್ಕಳಿಗೆಲ್ಲ ಕುದುರೆಯ ಮೇಲಿನ ಕಸರತ್ತು ಕಲಿಸಿದವರು ಥೇಡಾ. ಮರಳಿನ ಅಂಕಣದ ನಡುವೆ ಉದ್ದನೆಯ ಹಗ್ಗ ಹಿಡಿದು ನಿಲ್ಲುತ್ತಾರೆ, ಕುದುರೆ ಅವರ ಸುತ್ತ ಓಡುತ್ತದೆ, ಮಗು ಅದರ ಮೇಲೆ ಮಂಡಿಯೂರುತ್ತದೆ, ಕೈಕಾಲು ಚಾಚುತ್ತದೆ, ಕೊನೆಗೆ ಎದ್ದು ನಿಲ್ಲುತ್ತದೆ. ಮೊದಲು ಒಂದು ಚಳಿಗಾಲವಿಡೀ ಮರದ ಕುದುರೆಯ ಮೇಲೆ. ಆಮೇಲೆ ಕಾಸ್ಪರ್‌ನ ಅಗಲ ಬೆನ್ನಿನ ಮೇಲೆ, ನಡಿಗೆಯಲ್ಲಿ. ಕೊನೆಗೆ ಓಟದಲ್ಲಿ. ಮೊದಲ ದಿನವೇ ಅಜ್ಜಿ ಹೇಳಿದ್ದರು: "ಕುದುರೆನ ನಂಬಬೇಡ ಪುಟ್ಟಿ. ಹಗ್ಗ ಹಿಡಿದವರನ್ನ ನಂಬು."

ಇಮ್ಕೆ ನಂಬಿದ್ದಳು. ಕಣ್ಣು ಮುಚ್ಚಿ ನಂಬಿದ್ದಳು! ಆದರೆ ಈ ವಸಂತದಲ್ಲಿ ಅಜ್ಜಿಯ ಕೈನಡುಕ ಹಗ್ಗದ ಮೂಲಕ ಕಾಸ್ಪರ್‌ನ ಬಾಯಿಗೆ ತಲುಪತೊಡಗಿತು. ಅವನು ತಲೆ ಕೊಡವುತ್ತಾನೆ, ಓಟದ ಮೂರು ಹೆಜ್ಜೆಯ ತಾಳ ತಪ್ಪುತ್ತದೆ, ಬೆನ್ನು ಕುಸಿದಂತಾಗುತ್ತದೆ. ಕುದುರೆಯ ಬೆನ್ನುಪಟ್ಟಿಯ ಹಿಡಿ ಬಿಟ್ಟು ಏಳುತ್ತಿದ್ದ ಇಮ್ಕೆ ಮರಳಿನ ಮೇಲಿರುತ್ತಾಳೆ.

"ಮರದ ಕೊರಡು! ಮೈಯಲ್ಲಿ ಮೂಳೆ ಇದ್ಯೋ ಸೀಸ ಇದ್ಯೋ?" ಎಂದು ಅಜ್ಜಿ ಎಲ್ಲ ಮಕ್ಕಳೆದುರು ಕೂಗುತ್ತಿದ್ದರು. ಮಕ್ಕಳು ನಗುತ್ತಿದ್ದರು. ಇಮ್ಕೆ "ನನ್ನದೇ ತಪ್ಪು ಅಜ್ಜಿ" ಎಂದು ಎದ್ದು ಮರಳು ಕೊಡವಿಕೊಳ್ಳುತ್ತಿದ್ದಳು. ತಿಳಿದೂ ತಿಳಿದೂ ಆ ಹಸುಳೆಯ ತಲೆಗೆ ತಪ್ಪು ಕಟ್ಟಿದರಲ್ಲ ಆ ಹಿರಿಯ ಜೀವ! ಹಗ್ಗ ಕೈಬಿಟ್ಟರೆ ತನಗಿನ್ನೇನೂ ಉಳಿಯುವುದಿಲ್ಲ ಎಂಬ ಭಯ ಮನುಷ್ಯನನ್ನು ಎಷ್ಟು ಸಣ್ಣವನನ್ನಾಗಿ ಮಾಡುತ್ತದೆ!

ಗೇಸಾ ಬಟ್ಟೆ ಕಟ್ಟಲು ಮಹಡಿಗೆ ಹೋದ ಮೇಲೆ ಅಜ್ಜಿ ಮೆಲ್ಲಗೆ ಕೇಳಿದರು.

"ಏನೇ ನೋಡ್ತಿದ್ದೆ ಆಗ, ಮೇಜಿನ ಕೆಳಗೆ?"

"ಏನೂ ಇಲ್ಲ ಅಜ್ಜಿ."

"ನಿಜ ಹೇಳು."

"ಬೆಕ್ಕು ಬಂತೇನೋ ಅಂತ ನೋಡಿದೆ."

ಆ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಅಜ್ಜಿ ಬಹಳ ಹೊತ್ತು ಮೊಮ್ಮಗಳ ಮುಖ ನೋಡಿದರು.

ಇಮ್ಕೆಗೆ ಎದೆಯಲ್ಲಿ ಕಲ್ಲಿಟ್ಟಂತಾಗಿತ್ತು. ಅಮ್ಮನಿಗೆ ಒಂದು ಮಾತು ಹೇಳಿದರೆ ಸಾಕು, ಅಮ್ಮನ ಸಿಟ್ಟು ಕರಗುತ್ತದೆ, ಬ್ರೆಮೆನ್ ತಪ್ಪುತ್ತದೆ. ಆದರೆ ಊರೆಲ್ಲ ಅಜ್ಜಿಯ ಕೈ ನೋಡಿ ಅಯ್ಯೋ ಪಾಪ ಎನ್ನುತ್ತದೆ. ಅಯ್ಯೋ ಪಾಪ ಅನ್ನಿಸಿಕೊಳ್ಳುವುದನ್ನು ಅಜ್ಜಿ ತಾಳಲಾರರು. ಇನ್ನು ಉಳಿದದ್ದು ಒಂದೇ ದಾರಿ. ಭಾನುವಾರ ಬೀಳದೆ ನಿಲ್ಲಬೇಕು. ಆಗ ಅಜ್ಜಿಗೆ ಖುಷಿಯಾಗುತ್ತದೆ, ತಾವೇ ಕೈಯಾರೆ ಅಮ್ಮನಿಗೆ ಚಹಾ ಬಗ್ಗಿಸುತ್ತಾರೆ ಎಂದುಕೊಂಡಿತು ಆ ಮಗುವಿನ ಮನಸ್ಸು.

ಭಾನುವಾರ ಅಂಕಣದ ಸುತ್ತ ಊರೇ ಸೇರಿತ್ತು. ಹೊರಗಿನಿಂದ ಪರೀಕ್ಷಕರೊಬ್ಬರು ಬಂದು ಕಾಗದ ಹಿಡಿದು ಕೂತಿದ್ದರು. ಗೇಸಾ ಬೇಲಿಗೆ ಆತು ನಿಂತಿದ್ದಳು. ಅವಳ ಜಾಗ ಯಾವಾಗಲೂ ಅದೇ. ಲಾಯದ ಸಗಣಿ ಬಾಚಲು ಸೊಸೆ ಬೇಕಿತ್ತು, ಹಗ್ಗ ಮುಟ್ಟಲು ಬೇಡವಾಗಿತ್ತು.

ಕಾಸ್ಪರ್ ಓಡತೊಡಗಿದ. ಇಮ್ಕೆ ಜೊತೆಗೆ ಓಡಿ, ಹಿಡಿ ಹಿಡಿದು, ಹಾರಿ ಕೂತಳು. ಮಂಡಿಯೂರಿ ಕೈಕಾಲು ಚಾಚಿದಳು. ಇನ್ನು ನಿಲ್ಲಬೇಕು. ನಾಲ್ಕು ನೆಗೆತದಷ್ಟು ಹೊತ್ತು, ಕೈ ಬಿಟ್ಟು.

"ಒಂದು, ಎರಡು, ಮೂರು... ಒಂದು, ಎರಡು, ಮೂರು..." ಅಜ್ಜಿ ಎಣಿಸುತ್ತಿದ್ದರು.

ಕಾಸ್ಪರ್ ತಲೆ ಕೊಡವಿದ. ನಡುಕ ಬಂತು! ಇಮ್ಕೆಗೆ ತೊಡೆಯಲ್ಲೇ ತಿಳಿಯಿತು. ಅವಳು ಅಜ್ಜಿಯ ಕಡೆ ಒಮ್ಮೆ ನೋಡಿ, ನಕ್ಕು, ಹಿಡಿ ಬಿಡಲು ಬೆರಳು ಸಡಿಲಿಸಿದಳು. ಬೀಳುವುದು ಖಚಿತ ಎಂದು ಗೊತ್ತಿದ್ದೂ ನಕ್ಕಳು.

ಆ ನಗುವಿನ ಮುಂದೆ ಥೇಡಾ ತಡೆದುಕೊಳ್ಳಲಾರದೆ ಹೋದರು.

"ಏಳಬೇಡ! ಇಮ್ಕೆ, ಹಿಡ್ಕೋ! ಕಾಸ್ಪರ್, ನಿಲ್ಲು!"

ಕುದುರೆ ನಿಂತಿತು. ಅಜ್ಜಿ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದರು. ಅದು ಗಾಳಿಗೆ ಸಿಕ್ಕ ಎಲೆಯಂತೆ ಅಲ್ಲಾಡುತ್ತಿತ್ತು.

"ನೋಡ್ಕೊಳ್ಳಿ ಎಲ್ರೂ! ಹುಡುಗಿ ಬಿದ್ದಿದ್ದು ಅವಳ ತಪ್ಪಿಂದ ಅಲ್ಲ. ಇದರಿಂದ. ಅವಳಿಗೂ ಗೊತ್ತಿತ್ತು... ನನ್ನ ಮಾನ ಉಳಿಸೋಕೆ ಮೂರು ಸಲ ಬಿದ್ಲು ಈ ನನ್ನ ಬಂಗಾರ..." ಅವರು ಬೇಲಿಯ ಕಡೆ ತಿರುಗಿದರು. "ಗೇಸಾ, ಒಳಗೆ ಬಾ. ಹಗ್ಗ ಹಿಡ್ಕೋ."

"ನಾನಾ? ನನಗೆ ಬರಲ್ಲ ಅತ್ತೆ!"

"ಸುಳ್ಳು ಹೇಳ್ಬೇಡ ಕಣೇ. ಬೆಳಿಗ್ಗೆ ನಾನು ಎದ್ದಿಲ್ಲ ಅಂದ್ಕೊಂಡು ಕಾಸ್ಪರ್‌ನ ಓಡಿಸ್ತೀಯಲ್ಲ, ಕಿಟಕೀಲಿ ದಿನಾ ನೋಡ್ತಿದ್ದೆ. ನನಗಿಂತ ಚೆನ್ನಾಗಿ ಓಡಿಸ್ತೀಯ. ಅದಕ್ಕೇ ಹೊಟ್ಟೆ ಉರೀತಿತ್ತು... ಚಹಾ ಬಗ್ಗಿಸದೇ ಇದ್ದಿದ್ದು ಅವಮಾನ ಮಾಡೋಕಲ್ಲಮ್ಮ. ನಿನ್ನ ಮುಂದೆ ಚೆಲ್ಲಿಬಿಟ್ರೆ ಅನ್ನೋ ಭಯ."

ಗೇಸಾ ಬೇಲಿ ದಾಟಿ ಓಡಿ ಬಂದಳು. ಹಗ್ಗ ತೆಗೆದುಕೊಳ್ಳುವ ಮೊದಲು ಆ ನಡುಗುವ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು ಎದೆಗೆ ಒತ್ತಿಕೊಂಡಳು. "ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ... ಒಂದೇ ಒಂದು ಮಾತು..." ಎಂದು ಬಿಕ್ಕಿದಳು.

ಪರೀಕ್ಷಕರು ಕಣ್ಣೊರೆಸಿಕೊಂಡು, ಮತ್ತೊಮ್ಮೆ ಮೊದಲಿನಿಂದ ಮಾಡಿ ಎಂದರು.

ಈ ಸಲ ಹಗ್ಗ ಅಮ್ಮನ ಕೈಯಲ್ಲಿತ್ತು, ಎಣಿಕೆ ಅಜ್ಜಿಯ ಗಂಟಲಿನಲ್ಲಿತ್ತು. ಆ ದನಿ ನಡುಗಲಿಲ್ಲ. ಕಾಸ್ಪರ್ ತಲೆ ತಗ್ಗಿಸಿ ಒಂದೇ ಸಮನೆ ಓಡಿದ. ಇಮ್ಕೆ ಹಿಡಿ ಬಿಟ್ಟಳು, ಎದ್ದಳು, ಕೈ ಚಾಚಿದಳು. ಒಂದು ನೆಗೆತ, ಎರಡು, ಮೂರು, ನಾಲ್ಕು. ಎಣಿಕೆ ಮುಗಿದ ಮೇಲೂ ಅವಳು ಕೂರಲಿಲ್ಲ. ಅಮ್ಮ, ಅಜ್ಜಿ ಒಂದೇ ಕಡೆ ನಿಂತದ್ದನ್ನು ಅಷ್ಟು ಎತ್ತರದಿಂದ ಅವಳು ಎಂದೂ ನೋಡಿರಲಿಲ್ಲ.

ಸೋಮವಾರ ಯಾರೂ ಬ್ರೆಮೆನ್‌ಗೆ ಹೋಗಲಿಲ್ಲ. ಅಂಕಣಕ್ಕೆ ಇನ್ನು ಗೇಸಾಳೇ ಒಡತಿ ಎಂದು ಥೇಡಾ ತಾವೇ ಊರಿಗೆ ಹೇಳಿದರು. ಆಮೇಲೆ ಹಗ್ಗವನ್ನು ಅವರು ಮತ್ತೆ ಮುಟ್ಟಲಿಲ್ಲ. ಮಧ್ಯಾಹ್ನ ಮೂವರೂ ಮೇಜಿನ ಸುತ್ತ ಕೂತರು. ಗೇಸಾ ಹೂಜಿ ಎತ್ತಿ, ಚೆಲ್ಲದಿರಲಿ ಎಂದು, ಅತ್ತೆಯ ಬಟ್ಟಲಿಗೆ ಅರ್ಧ ಮಾತ್ರ ಬಗ್ಗಿಸಿದಳು.

ಥೇಡಾ ಬಟ್ಟಲನ್ನೂ ಸೊಸೆಯನ್ನೂ ನೋಡಿದರು.

"ಅರ್ಧ ಯಾಕೆ? ತುಂಬ ಹಾಕು," ಅಂದರು. "ಚೆಲ್ಲಿದ್ರೆ ಚೆಲ್ಲಲಿ."