ಇಪ್ಪತ್ತು ನಿಮಿಷದ ರಕ್ತ

"ಕತ್ತರಿ ಕೆಳಗಿಡು ತಾಯಿ," ಎಂದ ಹಾವಿನ ಮಂತ್ರ ಹಾಕುವ ಮುದುಕ ಬಾಬಾ ಜತಾವ್. "ದಾರ ಕಟ್ಟಿದವನು ನಾನು, ಬಿಚ್ಚಬೇಕಾದವನೂ ನಾನೇ. ಬೇರೆಯವರು ಕತ್ತರಿಸಿದರೆ ವಿಷ ಅವರ ಮೈಗೆ ಇಳಿಯುತ್ತೆ."

ಡಾಕ್ಟರ್ ಅಡೆಸುವಾ ಕತ್ತರಿ ಕೆಳಗಿಡಲಿಲ್ಲ. ದೇಶದ ದಕ್ಷಿಣದ ಬೆನಿನ್ ಪಟ್ಟಣದಿಂದ ಈ ಬೆಟ್ಟದ ಬುಡದ ಹಾವಿನ ಆಸ್ಪತ್ರೆಗೆ ಅವಳು ಬಂದು ಮೂರು ತಿಂಗಳಾಗಿತ್ತು. ಅಷ್ಟರಲ್ಲೇ ಇಂಥ ದಾರ, ತಾಯಿತ, ಕಪ್ಪು ಕಲ್ಲು, ಸಗಣಿ ಮೆತ್ತಿದ ಗಾಯ ಎಷ್ಟೋ ನೋಡಿದ್ದಳು. ಮಂಚದ ಮೇಲೆ ಮಲಗಿದ್ದವಳು ತಲಾತು, ಇಪ್ಪತ್ತರ ಬಾಣಂತಿ. ಬೆಳಿಗ್ಗೆ ಜೋಳದ ಕಣಜದೊಳಗೆ ಕಾಲಿಟ್ಟಾಗ ಹಿಮ್ಮಡಿಯ ಮೇಲೆ ಹಾವು ಕಚ್ಚಿತ್ತು. ಮೊಣಕಾಲಿನ ಕೆಳಗೆ ಏಳು ಗಂಟಿನ ಕಪ್ಪು ದಾರ ಮಾಂಸದೊಳಗೆ ಹೂತುಹೋಗಿತ್ತು. ಅದರ ಕೆಳಗಿನ ಕಾಲು ನೇರಳೆ ಬಣ್ಣಕ್ಕೆ ತಿರುಗಿ ತಣ್ಣಗಾಗಿತ್ತು. ಒಸಡಿನಿಂದ ರಕ್ತ ಜಿನುಗಿ ಹಲ್ಲೆಲ್ಲ ಕೆಂಪಾಗಿದ್ದವು. ಹೊರಗೆ ಅಜ್ಜಿಯ ಕೈಯಲ್ಲಿ ಅವಳ ಕೂಸು ಅಳುತ್ತಿತ್ತು. ಆ ಅಳು ಕೇಳಿದಾಗೆಲ್ಲ ತಲಾತುವಿನ ಎದೆಯ ಬಟ್ಟೆ ಹಾಲಿನಿಂದ ಒದ್ದೆಯಾಗುತ್ತಿತ್ತು.

ಮುದುಕ ತನ್ನ ಪಾಡಿಗೆ ಹೇಳುತ್ತಲೇ ಇದ್ದ. ಇದು ಹೊಲದ ಹಾವಲ್ಲ, ಮಾಟ ಮಾಡಿ ಕಳಿಸಿದ ಹಾವು. ಕಣಜದ ಬಾಗಿಲಿಗೆ ಅಗುಳಿ ಹಾಕಿತ್ತು, ಒಳಗೊಂದು ಬಿಲವೂ ಇರಲಿಲ್ಲ. ಯಾರು ಕಳಿಸಿದರೆಂದು ಅವನು ಹೇಳಲಿಲ್ಲ. ತಲಾತು ಮಾತ್ರ ಬಾಗಿಲಲ್ಲಿ ನಿಂತಿದ್ದ ಸವತಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕಳಿಸಿದ ಹಾವು ಬರಿಬಾಯಿಯಲ್ಲಿ ವಾಪಸು ಹೋಗುವುದಿಲ್ಲ, ಎಂದ ಮುದುಕ. ಹೊರಗಿನ ಬೇವಿನ ನೆರಳು ಹೊಸಿಲು ಮುಟ್ಟುವವರೆಗೆ ದಾರ ಹಾಗೇ ಇರಬೇಕು. ಆಮೇಲೆ ಅವನೇ ಬರಿಗೈಯಲ್ಲಿ ಬಿಚ್ಚಿ ಮಣ್ಣಿಗೆ ಕೊಡುತ್ತಾನೆ.

"ನೆರಳು ಬರೋ ಹೊತ್ತಿಗೆ ಈ ಕಾಲು ಕೊಳೆತಿರುತ್ತೆ," ಎಂದಳು ಅಡೆಸುವಾ. "ನನ್ನ ಎಂಟು ವರ್ಷದ ಮಗಳಿಗೂ ಗೊತ್ತು ಬಾಬಾ. ಹೋದ ವಾರ ಅವಳ ಶಾಲೆಯಲ್ಲಿ ನಾನೇ ಹೇಳಿಕೊಟ್ಟೆ. ಹಾವು ಕಚ್ಚಿದ ಕಾಲಿಗೆ ದಾರ ಕಟ್ಟಬಾರದು, ಕಟ್ಟಿದ್ದು ಕಂಡರೆ ತೆಗೆಸಬೇಕು ಅಂತ."

"ನಿನ್ನ ಮೈಗೆ ಇಳಿಯುತ್ತೆ ಮಗಳೇ."

"ಇಳೀಲಿ ಬಿಡು. ನಾನು ತಿನ್ನೋ ಖಾರಕ್ಕೆ ಆ ವಿಷವೇ ಸತ್ತುಹೋಗುತ್ತೆ."

ನರ್ಸ್ ಲಾಡಿಗೆ ನಗು ಬರಲಿಲ್ಲ. ಹದಿನೆಂಟು ವರ್ಷದಿಂದ ಇದೇ ವಾರ್ಡಿನಲ್ಲಿ ದುಡಿದವಳು. ಡಾಕ್ಟರ ಕಿವಿಯ ಬಳಿ ಬಗ್ಗಿ, "ಮೊದಲು ಮದ್ದು ಏರಿಸೋಣ ಮೇಡಂ, ಕಟ್ಟು ಆಮೇಲೆ ತೆಗೆಯೋಣ," ಎಂದಳು. ಅದು ಮಂತ್ರದ ಮಾತಲ್ಲ, ವೈದ್ಯದ್ದೇ ಮಾತು. ಬಿಗಿದ ಕಟ್ಟು ತಟ್ಟನೆ ಬಿಟ್ಟರೆ ತಡೆದು ನಿಂತ ವಿಷ ಒಟ್ಟಿಗೇ ಮೇಲೇರುತ್ತದೆ. ಅಡೆಸುವಾಗೆ ಅದು ಗೊತ್ತಿರಲಿಲ್ಲವೆಂದಲ್ಲ. ಆದರೆ ಬಾಗಿಲಲ್ಲಿ ಅರ್ಧ ಊರೇ ನಿಂತು ನೋಡುತ್ತಿತ್ತು, ಈಗ ತಡೆದರೆ ಮುದುಕನ ಮಾತೇ ಗೆದ್ದಂತೆ. ಮುದುಕ ಅವಳ ಕೈ ಹಿಡಿಯಲು ಬಂದ. ಅವಳು ಕಾವಲುಗಾರನನ್ನು ಕೂಗಿದಳು. ಕಾವಲುಗಾರ ಮುದುಕನನ್ನು ಕತ್ತು ಹಿಡಿದು ದರದರ ಎಳೆದ. ಗೇಟಿನ ಕಂಬಿಗೆ ಅವನ ಹಣೆ ಬಡಿದ ಸದ್ದು ಒಳಗಿನವರೆಗೂ ಕೇಳಿಸಿತು.

ಅಡೆಸುವಾ ದಾರ ಕತ್ತರಿಸಿದಳು.

ತಲಾತು ಬಿಲ್ಲಿನಂತೆ ಬೆನ್ನೆತ್ತಿ ಕಿರುಚಿದಳು. ಮಂಚದ ಕಾಲುಗಳು ನೆಲಕ್ಕೆ ಬಡಿದವು. ಮರುಕ್ಷಣ ಸುಮ್ಮನಾಗಿ, ನಿದ್ದೆ ಹೋದ ಮಗುವಿನಂತೆ ಉಸಿರಾಡತೊಡಗಿದಳು. ಕಾಲಿಗೆ ಬಣ್ಣ ಮರಳಿ ಬರುತ್ತಿತ್ತು.

"ನೋಡಿದೆಯಾ?" ಎಂದಳು ಅಡೆಸುವಾ, ಲಾಡಿಯ ಕಡೆ ತಿರುಗಿ.

ಆ ಆಸ್ಪತ್ರೆಯಲ್ಲಿ ವಿಷ ಹಿಡಿಯುವ ಪರೀಕ್ಷೆ ಸುಲಭದ್ದು. ರೋಗಿಯ ಅರ್ಧ ಚಮಚದಷ್ಟು ರಕ್ತವನ್ನು ಗಾಜಿನ ನಳಿಕೆಯಲ್ಲಿ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಬಾಗಿಸಿದಾಗ ರಕ್ತ ಗಟ್ಟಿಯಾಗಿ ನಿಂತರೆ ಸರಿ, ನೀರಿನಂತೆ ಹರಿದರೆ ಮೈಯಲ್ಲಿ ವಿಷವಿದೆ. ಗಾಜು ಸರಿಯಿದೆಯೋ ಇಲ್ಲವೋ ನೋಡಲು ಪಕ್ಕದಲ್ಲಿ ಆರೋಗ್ಯವಂತರ ರಕ್ತವನ್ನೂ ಇಡುತ್ತಿದ್ದರು. ಆ ದಿನ ಅಡೆಸುವಾ ತನ್ನ ತೋಳನ್ನೇ ಚಾಚಿದಳು.

ಇಪ್ಪತ್ತು ನಿಮಿಷ ಕಳೆಯಿತು. ಲಾಡಿ ತಲಾತುವಿನ ನಳಿಕೆ ಬಾಗಿಸಿದಳು. ರಕ್ತ ಲೋಳೆಯಂತೆ ಗಟ್ಟಿಯಾಗಿ ನಿಂತಿತ್ತು. ಒಂದು ಹನಿ ಮದ್ದೂ ಏರಿಸಿರಲಿಲ್ಲ. ಎರಡನೆಯದನ್ನು ಬಾಗಿಸಿದಳು. ರಕ್ತ ಸುರ್ರನೆ ಹರಿದು ಅವಳ ಬಿಳಿ ಚಪ್ಪಲಿಯ ಮೇಲೆ ಬಿತ್ತು.

ಅಡೆಸುವಾ ಸಿಟ್ಟಾದಳು. ನಳಿಕೆ ಅದಲುಬದಲಾಗಿದೆ ಎಂದಳು. ಸೋಪು ಹಾಕಿ ತೊಳೆದಿದ್ದೀರಿ, ಸೋಪು ತಾಗಿದ ಗಾಜಿನಲ್ಲಿ ರಕ್ತ ಗಟ್ಟಿಯಾಗುವುದಿಲ್ಲ ಎಂದು ಬೈದಳು. ಲಾಡಿ ಹೊಸ ಡಬ್ಬಿ ಒಡೆದು ಎರಡು ನಳಿಕೆ ತೆಗೆದಳು. ಒಂದಕ್ಕೆ ತನ್ನ ರಕ್ತ, ಒಂದಕ್ಕೆ ಡಾಕ್ಟರದ್ದು. ಮತ್ತೆ ಇಪ್ಪತ್ತು ನಿಮಿಷ. ಲಾಡಿಯದು ನಿಂತಿತು. ಅಡೆಸುವಾಳದು ಹರಿಯಿತು.

ಆಗ ಅವಳು ತನ್ನ ತೋಳು ನೋಡಿಕೊಂಡಳು. ಸೂಜಿ ಚುಚ್ಚಿದ ಜಾಗಕ್ಕೆ ಒತ್ತಿದ್ದ ಹತ್ತಿ ತೊಯ್ದು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ನಾಲಿಗೆಯಲ್ಲಿ ಕಬ್ಬಿಣದ ರುಚಿ. ಉಗುಳಿದಳು. ಕೆಂಪು. ಹಿಮ್ಮಡಿ ಉರಿಯಿತು. ಕಾಲುಚೀಲ ಕಿತ್ತೆಸೆದು ನೋಡಿದಳು. ಎರಡು ಚುಕ್ಕಿ, ತಲಾತುವಿಗೆ ಇದ್ದಲ್ಲೇ.

ಫ್ರಿಜ್ಜಿನಲ್ಲಿದ್ದ ಮೂರು ಬಾಟಲಿ ಮದ್ದನ್ನೂ ಲಾಡಿ ಒಂದರ ಹಿಂದೊಂದು ಏರಿಸಿದಳು. ಮೂರನೆಯದು ಮುಗಿಯುವಾಗ ಅಡೆಸುವಾ ಬೇಸಿನ್ನಿಗೆ ಬಗ್ಗಿ ರಕ್ತ ಕಾರಿದಳು. ಮೂಗಿನಿಂದ ಬಂತು. ಕಣ್ಣಿನ ಬಿಳಿಯಲ್ಲಿ ಕೆಂಪು ಹರಡಿತು. ಕಾಲು ಊದಿ, ಚರ್ಮ ಹಿಗ್ಗಿ ಹೊಳೆಯಿತು, ಎರಡು ಕಡೆ ಬಿರಿಯಿತು. ಹಾವು ಹಾಕದ ವಿಷವನ್ನು ಹಾವಿನ ಮದ್ದು ಎಲ್ಲಿ ಹುಡುಕೀತು?

"ಮುದುಕನನ್ನು ಕರಿ," ಎಂದಳು, ಹಲ್ಲಿನ ಸಂದಿಯಿಂದ.

ಬಾಬಾ ಜತಾವ್ ಗೇಟಿನ ಹೊರಗೆ ಹಣೆಗೆ ಬಟ್ಟೆ ಒತ್ತಿಕೊಂಡು ಕೂತೇ ಇದ್ದ. ಬಂದವನು ಕೊಂಕು ನುಡಿಯಲಿಲ್ಲ. ನೆಲದಲ್ಲಿ ಬಿದ್ದಿದ್ದ ಅದೇ ದಾರ ಆರಿಸಿ, ತುಂಡಾದಲ್ಲಿ ಗಂಟು ಹಾಕಿ, ಅವಳ ಮೊಣಕಾಲಿನ ಕೆಳಗೆ ಸುತ್ತಿದ. ಏಳು ಗಂಟಿಗೂ ಏನೋ ಉಸುರಿದ. ಒಂದೊಂದು ಗಂಟಿಗೂ ಅವಳಿಗೆ ಎಲುಬು ಮುರಿದಂತಾಯಿತು. ಆದರೆ ಬಾಯಿಯ ರಕ್ತ ನಿಂತಿತು.

"ಕಬ್ಬಿಣ ಒಂದು ಸಲ ಮುಟ್ಟಿದೆ," ಎಂದ ಮುದುಕ. "ಆದರೂ ಬಿಚ್ಚಬಲ್ಲೆ. ನೆರಳು ಹೊಸಿಲಿಗೆ ಬರಲಿ. ಅಲ್ಲೀವರೆಗೆ ಯಾರೂ ಮುಟ್ಟಬಾರದು."

ಅವನು ಬೇವಿನ ಬುಡಕ್ಕೆ ಹೋಗಿ ನೆಲದ ಮೇಲೆ ಕಣ್ಣು ನೆಟ್ಟು ಕೂತ. ತಲಾತುವಿನ ಕೂಸನ್ನು ಅವಳ ಎದೆಗೆ ಹಚ್ಚಲು ಲಾಡಿ, ತಲಾತುವನ್ನು ಸಾಗಿಸಿದ್ದ ಪಕ್ಕದ ವಾರ್ಡಿಗೆ ಹೋದಳು. ಮಂಚದ ಮೇಲೆ ಮಲಗಿದ್ದ ಅಡೆಸುವಾಗೆ ಜೋಂಪು ಹತ್ತಿತು. ತಲೆಯ ಮೇಲೆ ಫ್ಯಾನು ಕಿರಗುಟ್ಟುತ್ತಿತ್ತು. ಬೇಸಿನ್ನಿನಲ್ಲಿ ನೊಣ ಗುಂಯ್ಗುಡುತ್ತಿತ್ತು.

ಅಂಗಳದಲ್ಲಿ ಪುಟ್ಟ ಬೂಟಿನ ಸದ್ದು. ಶಾಲೆ ಬಿಟ್ಟಿತ್ತು.

ಮಗಳು ಇಸೋಕೆನ್ ದಿನವೂ ಶಾಲೆಯಿಂದ ನೇರ ಅಮ್ಮನ ಬಳಿಗೇ ಬರುತ್ತಿದ್ದಳು. ಬಾಗಿಲಲ್ಲಿ ನಿಂತಳು. ಅಮ್ಮನ ಅಂಗಿಯ ಮೇಲೆ ರಕ್ತ. ಅಮ್ಮನ ಕಾಲು ಕುಂಬಳಕಾಯಿಯಷ್ಟು ದಪ್ಪ. ಅದನ್ನು ಕಚ್ಚಿ ಹಿಡಿದ ಕಪ್ಪು ದಾರ. ಮಗು ಅಳಲಿಲ್ಲ. ಇಡೀ ಶಾಲೆಯ ಮುಂದೆ ಎದ್ದು ನಿಂತು ಅಮ್ಮನ ಹಾವಿನ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿದವಳು ಅವಳು. ಟ್ರೇಯಿಂದ ಕತ್ತರಿ ಎತ್ತಿಕೊಂಡಳು. ಅಮ್ಮನಿಗೆ ನೋಯಬಾರದೆಂದು ಎಡಗೈಯ ಬೆರಳನ್ನು ದಾರದ ಕೆಳಗೆ ಮೆಲ್ಲಗೆ ತೂರಿಸಿದಳು.

ತಣ್ಣನೆಯ ಕಬ್ಬಿಣ ತಾಗಿ ಅಡೆಸುವಾ ಕಣ್ಣು ಬಿಟ್ಟಳು. ನಾಲಿಗೆ ಏಳಲಿಲ್ಲ. ಕೈ ಚಾಚಿದಳು. ಕತ್ತರಿ ಕಚಕ್ಕೆಂದಿತು.

ನೋವು ಹೋಯಿತು. ದೀಪ ಆರಿಸಿದಂತೆ ಹೋಯಿತು. ಕಾಲು ಹಗುರ. ಬಾಯಿ ಶುದ್ಧ. ಎದುರಿಗೆ ಮಗಳು ನಗುತ್ತಿದ್ದಳು. ಆ ನಗುವಿನ ಹಲ್ಲಿನ ಸಂದಿಯಲ್ಲಿ ಕೆಂಪು ಗೆರೆ ಮೂಡಿತು. ಗಲ್ಲಕ್ಕಿಳಿಯಿತು. ಮಗು ಕುಸಿಯಿತು.

ಅಡೆಸುವಾ ಕೂಗಿದ ಕೂಗಿಗೆ ಬೇವಿನ ಮೇಲಿನ ಹಕ್ಕಿಗಳೆಲ್ಲ ಎದ್ದವು. ಲಾಡಿ ಓಡಿ ಬಂದಳು. ಮುದುಕ ಓಡಿ ಬಂದ. ನೆಲದ ಮೇಲೆ ಮಗು ಬಿಲ್ಲಾಗಿ ಬಾಗಿ ತಲೆ ಬಡಿದುಕೊಳ್ಳುತ್ತಿತ್ತು. ಮೂಗು, ಕಿವಿ, ಉಗುರ ಸಂದಿ, ಎಲ್ಲ ಕಡೆಯಿಂದ ರಕ್ತ. ಪುಟ್ಟ ಮೈ. ಬೇಗ ಮುಗಿಯುತ್ತದೆ.

"ಕಟ್ಟು," ಎಂದಳು ಅಡೆಸುವಾ.

ಮುದುಕ ನೆಲಕ್ಕೆ ಬಿದ್ದಿದ್ದ ದಾರ ಎತ್ತಿಕೊಂಡ. "ಕಟ್ಟಬಹುದು. ಬಿಚ್ಚೋಕೆ ಆಗಲ್ಲ ತಾಯಿ. ಎರಡು ಸಲ ಕಬ್ಬಿಣ ಮುಟ್ಟಿದ್ದು ಇನ್ನು ಮಣ್ಣಿಗೆ ಹೋಗಲ್ಲ. ಇನ್ನೊಬ್ಬರ ಮೈಗೆ ದಾಟಿಸಬಹುದು, ಅಷ್ಟೆ. ಅಲ್ಲಿಗೆ ಮುಗೀತು, ಅವರು ಉಳಿಯಲ್ಲ."

"ಗೊತ್ತಾಯ್ತು ಬಾಬಾ. ಕಟ್ಟು."

"ಮೇಡಂ, ನಾನು ಕತ್ತರಿಸ್ತೀನಿ," ಎಂದಳು ಲಾಡಿ. "ನನಗೆ ಮಕ್ಕಳಿಲ್ಲ."

ಅಡೆಸುವಾ ಆಗಲೇ ಕತ್ತರಿ ಎತ್ತಿಕೊಂಡಿದ್ದಳು. ಬೆಳಿಗ್ಗೆ ನಗುತ್ತ ಹಿಡಿದ ಅದೇ ಕತ್ತರಿ. ಮುದುಕ ಒಂದು ಗಂಟು ಹಾಕಿದ. ಎರಡು. ಮೂರು. ಮಗುವಿನ ಹಿಮ್ಮಡಿ ಅವಳ ಅಂಗೈಯಲ್ಲಿತ್ತು. ಹುಟ್ಟಿದ ದಿನ ಆ ಹಿಮ್ಮಡಿ ಹೆಬ್ಬೆರಳಿನಷ್ಟೇ ಇತ್ತು. ಐದು. ಆರು. ಏಳು.

ಕತ್ತರಿಸಿದಳು.

ಮಗು ಉಸಿರೆಳೆದುಕೊಂಡಿತು. ಬಣ್ಣ ಬಂತು. ಲಾಡಿ ಬಿಕ್ಕುತ್ತಲೇ ಎರಡು ನಳಿಕೆಗೆ ಇಬ್ಬರ ರಕ್ತ ತುಂಬಿ ಕಿಟಕಿಯಲ್ಲಿಟ್ಟಳು. ಅಡೆಸುವಾ ಗೋಡೆಗೊರಗಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಬಾಯಿಗೆ ಬಂದದ್ದನ್ನು ಮಗುವಿಗೆ ಕಾಣದಂತೆ ನುಂಗುತ್ತಿದ್ದಳು.

"ಅಮ್ಮಾ, ದಾರ ತೆಗೆದೆ. ಸರಿಯಾಗಿ ಮಾಡಿದೆನಾ?"

"ಸರಿಯಾಗೇ ಮಾಡಿದೆ ಚಿನ್ನ. ನಾನು ಹೇಳಿಕೊಟ್ಟ ಹಾಗೇ."

ಇಪ್ಪತ್ತು ನಿಮಿಷವಾಯಿತು. ಲಾಡಿ ಮಗುವಿನ ನಳಿಕೆ ಬಾಗಿಸಿದಳು. ರಕ್ತ ಗಟ್ಟಿಯಾಗಿ ನಿಂತಿತ್ತು. ಅಡೆಸುವಾ ಅದನ್ನು ಕೈಗೆ ಇಸಿದುಕೊಂಡು ತಾನೇ ತಲೆಕೆಳಗು ಮಾಡಿ ನೋಡಿದಳು. ಒಂದು ಹನಿಯೂ ಬೀಳಲಿಲ್ಲ.

ಇನ್ನೊಂದು ನಳಿಕೆಯ ಕಡೆ ಲಾಡಿ ಕೈ ಚಾಚಿದಾಗ ಅವಳು ಬೇಡವೆಂದು ತಲೆಯಾಡಿಸಿದಳು. ಮಗಳನ್ನು ಹೊರಗೆ ಕರೆದುಕೊಂಡು ಹೋಗು ಎಂದು ಕಣ್ಣಲ್ಲೇ ಹೇಳಿದಳು. ಇಸೋಕೆನ್ ಲಾಡಿಯ ಬೆರಳು ಹಿಡಿದು, ತಿರುತಿರುಗಿ ನೋಡುತ್ತ, ಹೊಸಿಲು ದಾಟಿದಳು. ಬೇವಿನ ನೆರಳು ಹೊಸಿಲಿಗೆ ಇನ್ನೂ ಎರಡು ಮಾರು ದೂರದಲ್ಲಿತ್ತು.